‘ಅಕಸ್ಮಾತ್’ ಎಂಬ ಮಾತು

ಬೆಳಗಿನ ಕಾಫಿಯೊಡನೆ ವೃತ್ತಪತ್ರಿಕೆಯನ್ನು ಬಿಡಿಸುವವರ ಕಣ್ಣಿಗೆ ತಪ್ಪದೆ ಬೀಳುವ ಮಾತುಗಳಲ್ಲಿ ‘ಆಕಸ್ಮಿಕ’ ಎಂಬುದೂ ಒಂದು. ಹುಲ್ಲಿನ ಬಣವೆಗೆ ಆಕಸ್ಮಿಕ ಬೆಂಕಿ; ಆಕಸ್ಮಿಕವಾಗಿ ಕಾಲು ಜಾರಿ ಬಾವಿಗೆ ಬಿದ್ದು ಸಾವು; ಹಳೆಯ ಮಿತ್ರರ ಆಕಸ್ಮಿಕ ಭೇಟಿ; ಆಕಸ್ಮಿಕ ಧನಲಾಭ. ಈ ಕೊನೆಯದು ಸಾಮಾನ್ಯವಾಗಿ ರಾಶಿಫಲದ ಅಂಕಣದಲ್ಲಿರುತ್ತದೆ. ಉಳಿದವು ಸುದ್ದಿಯ ಅಂಕಣಗಳಲ್ಲಿ. ಸಾವಿಗೂ ಸಂತೋಷಕ್ಕೂ, ಬೆಂಕಿಗೂ ಬೆಳ್ಳಿಗೂ ಒಂದೇ ಮಾತು ಸಲ್ಲುತ್ತಿರುವುದನ್ನು ಕಂಡರೆ, ಇಷ್ಟೊಂದು ಬಗೆಯ ಹೊರೆಯನ್ನು ಹೊರುವ ಈ ಶಬ್ದದ ಬೆನ್ನು ಎಷ್ಟು ಗಟ್ಟಿಯೆಂದು ಮುಟ್ಟಿ ನೋಡುವ ಆಸೆಯಾಗುತ್ತದೆ. ಶಬ್ದಗಳ ಪಾಠ ಹೇಳಿ ಜೀವನ ಮಾಡುವ ನನ್ನಂಥವನಿಗೆ ಈ ಆಸೆ ತುಸು ಹೆಚ್ಚೇ ಇರಬಹುದು. ಆದರೆ ಇದು ಬರಿಯ ಶಬ್ದದ ವಿಚಾರವಲ್ಲ. ಈ ಮಾತನ್ನು ಎಲ್ಲಿ ಆಡುತ್ತೇವೆ, ಎಲ್ಲಿ ಆಡದೆ ಬಿಡುತ್ತೇವೆ ಎಂಬುದರ ಮೇಲೆ ಯಾರು ತಪ್ಪಿತಸ್ಥರು, ಯಾರು ನಿರಪರಾಧಿಗಳು ಎಂಬ ತೀರ್ಪು ನಿಂತಿರುತ್ತದೆ.

ಮೊದಲು ಶಬ್ದವನ್ನೇ ನೋಡೋಣ. ಸಂಸ್ಕೃತದಲ್ಲಿ ‘ಕಸ್ಮಾತ್’ ಎಂದರೆ ‘ಯಾವುದರಿಂದ?’, ‘ಯಾತಕ್ಕಾಗಿ?’ ಎಂದು. ಅದು ಪ್ರಶ್ನೆ. ಅದರ ಹಿಂದೆ ಒಂದು ‘ಅ’ಕಾರವನ್ನು ಇಟ್ಟರೆ ‘ಅಕಸ್ಮಾತ್’: ಯಾವುದರಿಂದಲೂ ಅಲ್ಲದೆ, ಕಾರಣವಿಲ್ಲದೆ. ಹಾಗೆ ಆದದ್ದು ಆಕಸ್ಮಿಕ. ಅಂದಮೇಲೆ ಈ ಶಬ್ದದ ಹೊಟ್ಟೆಯಲ್ಲಿ ಒಂದು ಪ್ರಶ್ನೆಯೂ, ಅದಕ್ಕೆ ಉತ್ತರವಿಲ್ಲವೆಂಬ ನಿರಾಕರಣೆಯೂ ಒಟ್ಟಿಗೇ ಕುಳಿತಿವೆ.

ಆದರೆ ಕಾರಣವಿಲ್ಲದೆ ಏನಾದರೂ ಆಗುವುದುಂಟೆ? ನಮ್ಮ ಹಿಂದಿನ ತಾರ್ಕಿಕರು ಈ ಪ್ರಶ್ನೆಯನ್ನು ಸುಮ್ಮನೆ ಬಿಟ್ಟವರಲ್ಲ. ಮುಳ್ಳಿನ ಮೊನೆಯನ್ನು ಯಾರೂ ಹರಿತ ಮಾಡಿದ್ದಿಲ್ಲ, ಆದರೂ ಅದು ಹರಿತವಾಗಿದೆ. ಹಾಗೆಯೇ ಲೋಕದ ವಸ್ತುಗಳೂ ನಿಮಿತ್ತವಿಲ್ಲದೆ ಹುಟ್ಟಬಹುದಲ್ಲ ಎಂಬ ಪೂರ್ವಪಕ್ಷವನ್ನು ನ್ಯಾಯಸೂತ್ರಗಳು ಎತ್ತಿಕೊಂಡು ಪರೀಕ್ಷಿಸುತ್ತವೆ. ಸುಮಾರು ೧೦ನೆಯ ಶತಮಾನದ ಉದಯನನು ತನ್ನ ‘ನ್ಯಾಯಕುಸುಮಾಂಜಲಿ’ಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಅಕಸ್ಮಾತ್ ಆಗುತ್ತದೆ’ ಎಂಬ ಮಾತನ್ನೇ ಐದು ಬಗೆಯಾಗಿ ಬಿಡಿಸುತ್ತಾನೆ. ಕಾರಣವೇ ಇಲ್ಲವೆಂದು ಅರ್ಥವೆ? ಆಗುವುದೇ ಇಲ್ಲವೆಂದು ಅರ್ಥವೆ? ತನಗೆ ತಾನೇ ಕಾರಣವೆಂದೆ? ಇಲ್ಲದ ವಸ್ತುವಿನಿಂದ ಆಯಿತೆಂದೆ? ಅಥವಾ ಅದು ಅದರ ಸ್ವಭಾವವೆಂದೆ? ಐದನ್ನೂ ಆತ ತಳ್ಳಿಹಾಕುತ್ತಾನೆ. ಅವನು ಕೊಡುವ ಕಾರಣ ಸರಳವಾದದ್ದು. ಯಾವುದೇ ಘಟನೆ ಒಮ್ಮೆ ಆಗುತ್ತದೆ, ಇನ್ನೊಮ್ಮೆ ಆಗುವುದಿಲ್ಲ. ನಿನ್ನೆ ಆಗದೆ ಇಂದು ಆಗಬೇಕಾದರೆ, ನಿನ್ನೆ ಇಲ್ಲದ ಯಾವುದೋ ಒಂದು ಇಂದು ಒದಗಿರಬೇಕು. ಆ ಒದಗಿದ್ದೇ ಕಾರಣ.

ಹಾಗಿದ್ದರೆ ಈ ಶಬ್ದವನ್ನು ನಿಘಂಟಿನಿಂದ ಕಿತ್ತುಹಾಕಬೇಕೆ? ಬೇಕಿಲ್ಲ. ಅದಕ್ಕೆ ತಕ್ಕ ಸ್ಥಾನ ಯಾವುದೆಂದು ತಾರ್ಕಿಕರಿಗಿಂತ ವೈಯಾಕರಣರು ಚೆನ್ನಾಗಿ ತೋರಿಸಿಕೊಟ್ಟಿದ್ದಾರೆ. ‘ಕಾಕತಾಳೀಯ’ ಎಂಬ ಶಬ್ದವನ್ನು ನಾವೆಲ್ಲ ಬಳಸುತ್ತೇವೆ. ಪಾಣಿನಿಯ ಸೂತ್ರಗಳಿಗೆ ಸುಮಾರು ೭ನೆಯ ಶತಮಾನದಲ್ಲಿ ಹುಟ್ಟಿದ ‘ಕಾಶಿಕಾ’ ವ್ಯಾಖ್ಯಾನ ಇದನ್ನು ವಿವರಿಸುವ ರೀತಿಯನ್ನು ನೋಡಿದರೆ ಓದುಗರಿಗೆ ಆಶ್ಚರ್ಯವಾದೀತು. ಕಾಗೆ ಬಂದಿತು, ತಾಳೆಯ ಹಣ್ಣು ಬಿದ್ದಿತು, ಕಾಗೆ ಸತ್ತಿತು. ಅದೇ ರೀತಿ ದೇವದತ್ತ ಎಲ್ಲಿಗೋ ಹೊರಟಿದ್ದ, ಕಳ್ಳರು ಎದುರಾದರು, ದೇವದತ್ತ ಹತನಾದ. ಇದು ಕಾಕತಾಳೀಯ. ಇಂದು ನಾವು ಒಂದೇ ಬಣ್ಣದ ಸೀರೆಯುಟ್ಟ ಇಬ್ಬರು ಗೆಳತಿಯರು ಎದುರಾದರೂ ಕಾಕತಾಳೀಯ ಎನ್ನುತ್ತೇವೆ. ಮೂಲದಲ್ಲಿ ಅದು ಒಂದು ಪ್ರಾಣ ಹೋದ ಕಥೆ.

ಈ ಕಥೆಯಲ್ಲಿ ಕಾರಣಗಳಿಗೆ ಕೊರತೆಯಿಲ್ಲ ಎಂಬುದನ್ನು ಗಮನಿಸಬೇಕು. ಕಾಗೆ ಬರುವುದಕ್ಕೆ ಕಾರಣವಿತ್ತು. ಹಸಿದಿತ್ತು, ಇಲ್ಲವೆ ದಣಿದಿತ್ತು. ಹಣ್ಣು ಬೀಳುವುದಕ್ಕೂ ಕಾರಣವಿತ್ತು. ಮಾಗಿತ್ತು, ತೊಟ್ಟು ಸಡಿಲವಾಗಿತ್ತು. ಕಾರಣವಿಲ್ಲದ್ದು ಎಂದರೆ ಇವೆರಡರ ಕೂಟ ಮಾತ್ರ. ಕಾಗೆ ಬಂತೆಂದು ಹಣ್ಣು ಬೀಳಲಿಲ್ಲ. ಹಣ್ಣು ಬೀಳಲೆಂದು ಕಾಗೆ ಬರಲಿಲ್ಲ. ತಮ್ಮ ತಮ್ಮ ದಾರಿಯಲ್ಲಿ ಬಂದ ಎರಡು ಕಾರಣಗಳ ಎಳೆಗಳು ಒಂದು ಗಳಿಗೆಯಲ್ಲಿ ಒಂದನ್ನೊಂದು ದಾಟಿದವು. ಆಕಸ್ಮಿಕವೆಂಬ ಮಾತಿಗೆ ನ್ಯಾಯವಾಗಿ ಸಲ್ಲುವ ಜಾಗ ಇಷ್ಟೇ: ಎರಡು ಎಳೆಗಳ ನಡುವಿನ ಆ ಗಂಟು.

ನಮ್ಮ ಕನ್ನಡದ ಗಾದೆ ಈ ಕಥೆಯನ್ನು ಎತ್ತಿಕೊಂಡು ಅದಕ್ಕೆ ಬೇರೊಂದು ತಿರುವು ಕೊಟ್ಟಂತಿದೆ. ‘ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು’ ಎನ್ನುತ್ತೇವೆ. ಇಲ್ಲಿ ಕಾಗೆ ಸಾಯುವುದಿಲ್ಲ, ಮುರಿಯುವುದು ಕೊಂಬೆ. ಸಂಸ್ಕೃತದ ಕಾಗೆ ಬಲಿಪಶು. ಕನ್ನಡದ ಕಾಗೆ ಆಪಾದಿತ. ಕೊಂಬೆ ಮುರಿದ ಗಳಿಗೆಯಲ್ಲಿ ಅದರ ಮೇಲೆ ಕುಳಿತಿದ್ದುದೇ ಅದರ ಅಪರಾಧ. ನೋಡಿದವರು ‘ಕಾಗೆ ಕೂತು ಕೊಂಬೆ ಮುರಿಯಿತು’ ಎಂದು ಬೊಬ್ಬೆ ಹಾಕಿದಾಗ, ಅನುಭವಸ್ಥರಾದ ಹಿರಿಯರೊಬ್ಬರು ‘ಅಯ್ಯಾ, ಅಷ್ಟು ಹಗುರವಾದ ಕಾಗೆಗೆ ಕೊಂಬೆ ಮುರಿದೀತೆ? ಕೊಂಬೆ ಮೊದಲೇ ಒಣಗಿತ್ತು’ ಎಂದು ಕಾಗೆಯ ಪರವಾಗಿ ವಕಾಲತ್ತು ವಹಿಸಿದಂತಿದೆ ಈ ಗಾದೆ. ನನಗಂತೂ ಇದು ಕನ್ನಡ ಗಾದೆಗಳಲ್ಲಿ ಬಹಳ ದಯೆಯುಳ್ಳ ಗಾದೆಗಳ ಸಾಲಿಗೆ ಸೇರಿದ್ದೆಂದು ತೋರುತ್ತದೆ.

ದಯೆಯುಳ್ಳ ಗಾದೆ ಇದ್ದೂ ನಾವು ಅದನ್ನು ಬೇಕಾದ ಕಡೆ ಬಳಸುತ್ತೇವೆಯೆ? ಮನೆಗೆ ಸೊಸೆ ಬರುತ್ತಾಳೆ. ಬಂದ ಆರು ತಿಂಗಳಲ್ಲಿ ಮಾವನಿಗೆ ಹೃದಯಾಘಾತವಾಗುತ್ತದೆ, ಅಥವಾ ಮೈದುನನ ವ್ಯಾಪಾರ ಮುಳುಗುತ್ತದೆ. ಮಾವನವರಿಗೆ ಹತ್ತು ವರ್ಷದಿಂದ ರಕ್ತದೊತ್ತಡವಿದ್ದುದು, ಮೈದುನ ಸಾಲದ ಮೇಲೆ ಸಾಲ ಮಾಡಿದ್ದುದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಪಡಸಾಲೆಯಲ್ಲಿ ಪಿಸುಮಾತು ಹುಟ್ಟುತ್ತದೆ: ‘ಏನೋಮ್ಮ, ಅವಳು ಕಾಲಿಟ್ಟ ಗಳಿಗೆ!’ ಅವಳ ಕಾಲ್ಗುಣ ಸರಿಯಿಲ್ಲ. ಜಾತಕದಲ್ಲಿ ಮೂಲಾ ನಕ್ಷತ್ರವಿದ್ದರಂತೂ ಹೇಳುವುದೇ ಬೇಡ. ಮದುವೆಗೆ ಮುಂಚೆಯೇ ಆಪಾದನೆ ಸಿದ್ಧವಾಗಿರುತ್ತದೆ. ಇಲ್ಲಿ ನಿಜವಾಗಿಯೂ ಎರಡು ಬೇರೆ ಬೇರೆ ಎಳೆಗಳು ಒಂದು ಗಳಿಗೆಯಲ್ಲಿ ದಾಟಿವೆ. ಇದು ಆಕಸ್ಮಿಕ. ಶಬ್ದ ತನ್ನ ಕೆಲಸ ಮಾಡಬೇಕಾದ ಜಾಗ ಇದೇ. ಆದರೆ ಇಲ್ಲಿ ಅದು ಯಾರ ಬಾಯಿಂದಲೂ ಬರುವುದಿಲ್ಲ. ಇಲ್ಲದ ಕಾರಣವೊಂದನ್ನು ಹುಡುಕಿ ತಂದು ಆ ಹುಡುಗಿಯ ಹೆಗಲಿಗೆ ಕಟ್ಟುತ್ತೇವೆ. ಸೊಸೆ ಬಂದ ವರ್ಷ ಯಾರೂ ಸಾಯದೆ, ಯಾರೂ ನಷ್ಟಪಡದೆ ಇದ್ದ ಮನೆಗಳು ಊರಿನಲ್ಲಿ ಎಷ್ಟಿವೆಯೆಂದು ಯಾರೂ ಲೆಕ್ಕ ಇಡುವುದಿಲ್ಲ. ಮುರಿಯದ ಕೊಂಬೆಗಳ ಮೇಲೆ ಕುಳಿತು ಹಾರಿಹೋದ ಕಾಗೆಗಳ ಲೆಕ್ಕವನ್ನು ಯಾರು ಇಟ್ಟಾರು?

ಈಗ ಇನ್ನೊಂದು ಕಡೆ ನೋಡೋಣ. ೧೯೮೧ರ ಫೆಬ್ರವರಿ ೭ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿತು. ತೊಂಬತ್ತಕ್ಕೂ ಹೆಚ್ಚು ಜನ ಸತ್ತರು; ಅವರಲ್ಲಿ ಬಹುಪಾಲು ಮಕ್ಕಳು, ಆಟ ನೋಡಲು ಬಂದವರು. ೨೦೧೦ರ ಫೆಬ್ರವರಿ ೨೩ರಂದು ಅದೇ ನಗರದ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡು ೯ ಮಂದಿ ಸತ್ತರು. ಹೊಗೆಯಲ್ಲಿ ಸಿಕ್ಕಿ ದಾರಿಗಾಣದೆ ಮೇಲಿನ ಮಹಡಿಗಳಿಂದ ಧುಮುಕಿದವರೂ ಇದ್ದರು. ಇಂಥ ದುರಂತಗಳಾದಾಗ ಮೊದಲ ದಿನವೇ ‘ಆಕಸ್ಮಿಕ’ ಎಂಬ ಮಾತು ಓಡಿಬರುತ್ತದೆ. ವಿಚಾರಣೆ ಇನ್ನೂ ಆರಂಭವಾಗಿರುವುದಿಲ್ಲ; ಶಬ್ದ ಮಾತ್ರ ತೀರ್ಪು ಬರೆದು ಸಹಿ ಹಾಕಿರುತ್ತದೆ.

ಇಲ್ಲಿ ಕಾಗೆ ಮತ್ತು ತಾಳೆಹಣ್ಣಿನ ಲೆಕ್ಕವನ್ನು ಮತ್ತೊಮ್ಮೆ ಹಾಕಬೇಕು. ಬಯಲಿನಲ್ಲಿದ್ದ ಒಂದು ತಾಳೆಮರದ ಕೆಳಗೆ ಒಮ್ಮೆ ಹಾದುಹೋದವನ ತಲೆಯ ಮೇಲೆ ಹಣ್ಣು ಬಿದ್ದರೆ ಅದು ಕಾಕತಾಳೀಯ. ಆದರೆ ಹಣ್ಣು ಮಾಗಿ ತೂಗುತ್ತಿರುವ ಮರದ ಕೆಳಗೆ ಸಾಲಾಗಿ ಬೆಂಚುಗಳನ್ನು ಹಾಕಿ, ದಿನವೂ ಮುನ್ನೂರು ಜನರಿಗೆ ಟಿಕೇಟು ಮಾರಿ ಕೂರಿಸಿದರೆ? ಒಂದಲ್ಲ ಒಂದು ದಿನ ಹಣ್ಣು ಯಾರಾದರೊಬ್ಬರ ತಲೆಯ ಮೇಲೆ ಬಿದ್ದೇ ಬೀಳುತ್ತದೆ. ಯಾವ ದಿನ ಎಂಬುದು ಆಕಸ್ಮಿಕ. ಯಾರ ತಲೆ ಎಂಬುದು ಆಕಸ್ಮಿಕ. ಬೀಳುವುದು ಆಕಸ್ಮಿಕವಲ್ಲ. ಬೆಂಕಿಯ ಮೊದಲ ಕಿಡಿ ಆಕಸ್ಮಿಕವಾಗಿರಬಹುದು. ಹೊಗೆ ತುಂಬಿದಾಗ ಹೊರಗೆ ಬರುವ ದಾರಿ ಸಿಕ್ಕದಿರುವುದು ಆಕಸ್ಮಿಕವಾಗಲಾರದು. ಬಾಗಿಲುಗಳು ತಮ್ಮಷ್ಟಕ್ಕೆ ತಾವು ಗೋಡೆಗಳಾಗುವುದಿಲ್ಲ. ತಾರೀಖು ಮತ್ತು ಹೆಸರು ಇವೆರಡೇ ಆಕಸ್ಮಿಕವಾದ ಕಡೆ ಇಡೀ ಘಟನೆಗೆ ಆ ಹೆಸರನ್ನು ಕೊಡುವುದು, ಲೆಕ್ಕದ ಪುಸ್ತಕದಲ್ಲಿ ದಿನಾಂಕ ಮಾತ್ರ ಬರೆದು ಮೊತ್ತದ ಜಾಗವನ್ನು ಖಾಲಿ ಬಿಟ್ಟಂತೆ.

ಈ ಜಾಣತನಕ್ಕೆ ನಮ್ಮ ಭಾಷೆಯ ಜಾಯಮಾನವೂ ಕೈಕೊಡುತ್ತದೆ ಎಂಬುದನ್ನು ಕನ್ನಡ ಅಧ್ಯಾಪಕನಾಗಿ ನಾನು ಒಪ್ಪಿಕೊಳ್ಳಬೇಕು. ಮನೆಯಲ್ಲಿ ಗಾಜಿನ ಲೋಟ ಒಡೆದಾಗ ಮಗುವಿನ ಮಾತನ್ನು ಕೇಳಿ. ತಾನು ಒಡೆದಿದ್ದರೆ, ‘ಅಮ್ಮಾ, ಲೋಟ ಒಡೆದುಹೋಯಿತು.’ ತಂಗಿ ಒಡೆದಿದ್ದರೆ, ‘ಅಮ್ಮಾ, ಅವಳು ಲೋಟ ಒಡೆದುಹಾಕಿದಳು.’ ವ್ಯಾಕರಣವನ್ನು ಯಾರೂ ಕಲಿಸದ ಮಗುವಿಗೆ ‘ಹೋಗು’ ಮತ್ತು ‘ಹಾಕು’ ಎಂಬ ಎರಡು ಸಹಾಯಕ ಕ್ರಿಯಾಪದಗಳ ನೈತಿಕ ಉಪಯೋಗ ಚೆನ್ನಾಗಿ ತಿಳಿದಿದೆ. ದೊಡ್ಡವರಾದ ಮೇಲೆ ನಾವು ಈ ವಿದ್ಯೆಯನ್ನು ಮರೆಯುವುದಿಲ್ಲ, ಬೆಳೆಸಿಕೊಳ್ಳುತ್ತೇವೆ. ಕಡತ ಕಳೆದುಹೋಗುತ್ತದೆ, ಹಣ ಖರ್ಚಾಗಿಹೋಗುತ್ತದೆ, ಬಸ್ಸು ನಿಯಂತ್ರಣ ತಪ್ಪುತ್ತದೆ, ಸೇತುವೆ ಕುಸಿಯುತ್ತದೆ. ಕರ್ತೃವಿಲ್ಲದ ವಾಕ್ಯಗಳ ಈ ಮೆರವಣಿಗೆಯ ತಲೆಯ ಮೇಲೆ ಛತ್ರಿ ಹಿಡಿದು ನಡೆಯುವುದೇ ‘ಆಕಸ್ಮಿಕ’.

ಅದರ ನೆಂಟರೂ ಹಾಗೆಯೇ. ‘ಅನಿರೀಕ್ಷಿತ’ ಎಂಬ ಶಬ್ದದೊಳಗೆ ‘ನೋಡುವುದು’ ಎಂಬ ಅರ್ಥದ ಧಾತುವಿದೆ. ನೋಡದೆ ಇದ್ದವನಿಗೆ ಎಲ್ಲವೂ ಅನಿರೀಕ್ಷಿತವೇ. ‘ಅದೃಷ್ಟ’ ಎಂದರೂ ಕಾಣದ್ದು ಎಂದೇ ಅರ್ಥ. ವೈಶೇಷಿಕ ಸೂತ್ರಗಳಲ್ಲಿ ಸೂಜಿ ಅಯಸ್ಕಾಂತದ ಕಡೆಗೆ ಸರಿಯುವುದಕ್ಕೆ ಅದೃಷ್ಟವೇ ಕಾರಣವೆಂದು ಹೇಳಿದೆ. ಸೂಜಿಗೆ ಲಾಟರಿ ಹೊಡೆಯಿತೆಂದು ಅದರ ಅಭಿಪ್ರಾಯವಲ್ಲ. ಕಾರಣವಿದೆ, ಆದರೆ ಕಣ್ಣಿಗೆ ಕಾಣದು ಎಂದು. ಅಯಸ್ಕಾಂತದ ಕಾರಣವನ್ನು ಮುಂದೆ ವಿಜ್ಞಾನಿಗಳು ಹುಡುಕಿ ಕಂಡರು. ನಾವು ಮಾತ್ರ ಆ ಶಬ್ದವನ್ನು ಹುಡುಕುವುದನ್ನು ನಿಲ್ಲಿಸುವುದಕ್ಕೆ ಬಳಸತೊಡಗಿದೆವು. ಅದರಲ್ಲಿಯೂ ಎರಡು ತಕ್ಕಡಿ. ನಮ್ಮ ಮಗ ಪಾಸಾದರೆ ಪರಿಶ್ರಮ, ಪಕ್ಕದ ಮನೆಯವರ ಮಗ ಪಾಸಾದರೆ ಅದೃಷ್ಟ. ನಮಗೆ ನಷ್ಟವಾದರೆ ಗ್ರಹಚಾರ, ಪರರಿಗೆ ನಷ್ಟವಾದರೆ ಸ್ವಯಂಕೃತಾಪರಾಧ. ನಮ್ಮ ಕೈಯಿಂದಾದದ್ದು ಆಕಸ್ಮಿಕ, ಪರರ ಕೈಯಿಂದಾದದ್ದು ಅಲಕ್ಷ್ಯ.

ಮನೆಯ ಸೊಸೆ ಮತ್ತು ಕಟ್ಟಡದ ಬೆಂಕಿ, ಈ ಎರಡು ನಿದರ್ಶನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ರೂಢಿ ಎಷ್ಟು ತಲೆಕೆಳಗಾಗಿದೆಯೆಂದು ತಿಳಿಯುತ್ತದೆ. ಕಾರಣವಿಲ್ಲದ ಕಡೆ ಕಾರಣ ಹುಡುಕುತ್ತೇವೆ; ಕಾರಣವಿರುವ ಕಡೆ ಆಕಸ್ಮಿಕವೆನ್ನುತ್ತೇವೆ. ಇದು ಬರಿಯ ಅಜ್ಞಾನವಾಗಿದ್ದರೆ ಪಾಠ ಹೇಳಿ ತಿದ್ದಬಹುದಾಗಿತ್ತು. ಆದರೆ ಈ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ವಾಲುತ್ತದೆ. ಎದುರು ಮಾತಾಡಲಾರದ ಸೊಸೆ, ಮನೆಗೆಲಸದವಳು, ಎದುರಿಗೆ ಬಂದ ವಿಧವೆ, ಇವರ ಪಾಲಿಗೆ ಕಾರಣ. ಬಲವುಳ್ಳವರ ಪಾಲಿಗೆ ಆಕಸ್ಮಿಕ. ಮಾತಿನ ಈ ಹಂಚಿಕೆ ಆಕಸ್ಮಿಕವಲ್ಲ.

ಹಾಗಿದ್ದರೆ ಈ ಮಾತನ್ನು ಆಡುವ ಹಕ್ಕು ಯಾರಿಗೆ? ಇದಕ್ಕೆ ಉತ್ತರ ನಮ್ಮ ಮನೆಮಾತಿನಲ್ಲಿಯೇ ಇದೆಯೆಂದು ನನ್ನ ಭಾವನೆ. ಕನ್ನಡಿಗರು ‘ಅಕಸ್ಮಾತ್’ ಎಂಬುದನ್ನು ಸಂಸ್ಕೃತದಿಂದ ತಂದು, ಅದಕ್ಕೆ ಇನ್ನೊಂದು ಕೆಲಸವನ್ನೂ ಕೊಟ್ಟಿದ್ದಾರೆ. ‘ಅಕಸ್ಮಾತ್ ಮಳೆ ಬಂದರೆ, ಕೊಡೆ ತೆಗೆದುಕೊಂಡು ಹೋಗು.’ ‘ಅಕಸ್ಮಾತ್ ಬಸ್ಸು ತಪ್ಪಿದರೆ ಚಿಕ್ಕಪ್ಪನ ಮನೆಯಲ್ಲಿ ಉಳಿದುಕೋ.’ ‘ಅಕಸ್ಮಾತ್ ನನಗೇನಾದರೂ ಆದರೆ ಪತ್ರಗಳು ಈ ಪೆಟ್ಟಿಗೆಯಲ್ಲಿವೆ.’ ಇಲ್ಲಿ ಅಕಸ್ಮಾತ್ ಎಂಬುದು ಆಗಿಹೋದ ಘಟನೆಯ ವರ್ಣನೆಯಲ್ಲ; ಆಗಬಹುದಾದದ್ದರ ಕಡೆಗೆ ಕೈಚಾಚುವ ಮುಂದಾಲೋಚನೆ. ತಾಯಂದಿರು ದಿನವೂ ಆಡುವ ಮಾತು ಇದು. ಒಂದೇ ಶಬ್ದ, ಘಟನೆಗೆ ಮುಂಚೆ ಆಡಿದರೆ ಎಚ್ಚರ, ಘಟನೆಯ ಮೇಲೆ ಆಡಿದರೆ ಸಮಜಾಯಿಷಿ.

ಆದ್ದರಿಂದ ನಾನು ಸೂಚಿಸುವ ಕಟ್ಟಳೆ ಇಷ್ಟು: ಮುಂಚೆ ‘ಅಕಸ್ಮಾತ್’ ಎಂದವನಿಗೆ ಮಾತ್ರ ಆಮೇಲೆ ‘ಆಕಸ್ಮಿಕ’ ಎನ್ನುವ ಹಕ್ಕು. ‘ಅಕಸ್ಮಾತ್ ಬೆಂಕಿ ಬಿದ್ದರೆ ಜನ ಯಾವ ದಾರಿಯಲ್ಲಿ ಹೊರಗೆ ಹೋಗುತ್ತಾರೆ?’ ಎಂದು ಡೇರೆ ಹಾಕುವ ದಿನವೇ ಕೇಳಿ, ದಾರಿ ಮಾಡಿಟ್ಟು, ಅದನ್ನು ತೆರೆದಿಟ್ಟವನು, ಅಷ್ಟಾಗಿಯೂ ಕೇಡಾದರೆ, ತಲೆತಗ್ಗಿಸಿಕೊಂಡು ಆಕಸ್ಮಿಕವೆನ್ನಲಿ, ಕೇಳೋಣ. ಕಾನೂನು ಕೂಡ ಇದಕ್ಕೆ ಹತ್ತಿರವಾದ ಮಾತನ್ನೇ ಹೇಳುತ್ತದೆ. ೧೮೬೦ರ ಭಾರತೀಯ ದಂಡ ಸಂಹಿತೆಯ ೮೦ನೆಯ ಕಲಮು ಆಕಸ್ಮಿಕದಿಂದಾದ ಕೃತ್ಯವನ್ನು ಅಪರಾಧವಲ್ಲವೆಂದಿತು. ಆದರೆ ಷರತ್ತುಗಳನ್ನು ಹಾಕಿತು: ಕೆಟ್ಟ ಉದ್ದೇಶವಿರಬಾರದು, ಮಾಡುತ್ತಿದ್ದ ಕೆಲಸ ನ್ಯಾಯಬದ್ಧವಾಗಿರಬೇಕು, ಮಾಡುವ ರೀತಿಯೂ ಹಾಗೆಯೇ ಇರಬೇಕು, ತಕ್ಕಷ್ಟು ಎಚ್ಚರ ವಹಿಸಿರಬೇಕು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೮ನೆಯ ಕಲಮಿನಲ್ಲಿಯೂ ಈ ಷರತ್ತುಗಳು ಉಳಿದಿವೆ. ಎಚ್ಚರ ವಹಿಸದವನ ಬಾಯಲ್ಲಿ ಆಕಸ್ಮಿಕವೆಂಬುದು ಕಾನೂನಿಗೂ ರುಚಿಸದ ಮಾತು.

ಇದಕ್ಕೊಂದು ಆಕ್ಷೇಪ ಬರಬಹುದು. ಹೀಗೆ ಎಲ್ಲಕ್ಕೂ ಕಾರಣ ಕೇಳುತ್ತ ಹೋದರೆ ಬದುಕು ನ್ಯಾಯಾಲಯವಾಗುವುದಿಲ್ಲವೆ? ದುಃಖದಲ್ಲಿರುವವರನ್ನೂ ಕಟಕಟೆಗೆ ಹತ್ತಿಸುವುದೆ? ಆಕ್ಷೇಪ ಸರಿಯಾದದ್ದೇ. ಮಗನನ್ನು ಪೇಟೆಗೆ ಕಳುಹಿಸಿದ ತಾಯಿ, ಅವನು ದಾರಿಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡರೆ, ‘ಅಂದು ನಾನು ಅವನನ್ನು ಕಳಿಸದಿದ್ದರೆ...’ ಎಂದು ವರ್ಷಗಟ್ಟಲೆ ತನ್ನನ್ನೇ ವಿಚಾರಣೆ ಮಾಡಿಕೊಳ್ಳುತ್ತಾಳೆ. ಸಮಾಧಾನ ಹೇಳಲು ಬಂದವರಲ್ಲಿ ಕೆಲವರು ‘ಋಣ ಅಷ್ಟೇ ಇತ್ತಮ್ಮ’ ಎನ್ನುತ್ತಾರೆ, ಅದರಲ್ಲಿ ಮರುಕವಿದೆ. ಇನ್ನು ಕೆಲವರು ಹೊರಗೆ ಹೋಗಿ ‘ಯಾವ ಜನ್ಮದಲ್ಲಿ ಏನು ಮಾಡಿದ್ದಳೋ’ ಎನ್ನುತ್ತಾರೆ. ಅದು ಕಾಲ್ಗುಣದ ಮಾತಿನ ತಮ್ಮನೇ. ಆ ತಾಯಿಗೆ ನಾವು ಹೇಳಬೇಕಾದದ್ದು, ಅವಳ ಮಟ್ಟಿಗೆ ಇದು ಆಕಸ್ಮಿಕ, ಅವಳು ಕಳುಹಿಸಿದ್ದಕ್ಕೂ ಲಾರಿ ಬಂದದ್ದಕ್ಕೂ ಸಂಬಂಧವಿಲ್ಲ ಎಂದು. ಹತ್ತು ಸಲ ಹೇಳಬೇಕಾದರೆ ಹತ್ತು ಸಲ ಹೇಳಬೇಕು. ಅದೇ ದಿನ, ಅದೇ ಘಟನೆ, ಬ್ರೇಕು ಸರಿಯಿಲ್ಲದ ಲಾರಿಯನ್ನು ರಸ್ತೆಗೆ ಬಿಟ್ಟವನ ಮಟ್ಟಿಗೆ ಆಕಸ್ಮಿಕವಲ್ಲ. ಒಂದೇ ಸಾವು ಒಬ್ಬರಿಗೆ ಆಕಸ್ಮಿಕವಾಗಿ, ಇನ್ನೊಬ್ಬರಿಗೆ ಆಗದೆ ಇರುವುದು ವಿರೋಧಾಭಾಸವಲ್ಲ. ಎಚ್ಚರ ಯಾರ ಕೈಯಲ್ಲಿತ್ತು ಎಂಬುದರಿಂದ ಅದು ತೀರ್ಮಾನವಾಗುತ್ತದೆ.

ಆದುದರಿಂದ ಆಕಸ್ಮಿಕವೆಂಬುದು ಮುಖ್ಯವಾಗಿ ಪರರಿಗೆ ಕೊಡತಕ್ಕ ಮಾತು, ತಾನೇ ತೆಗೆದುಕೊಳ್ಳತಕ್ಕದ್ದಲ್ಲ. ನೊಂದವರ ಹೆಗಲಿನಿಂದ ಹೊರೆ ಇಳಿಸಲು ಅದು ಒದಗಲಿ. ಹೊಣೆಯಿರುವವರ ಹೆಗಲಿನಿಂದ ಇಳಿಸಲು ಬೇಡ. ನಡುವೆ ನಿಂತು ಸುದ್ದಿ ಓದುವ ನಾವು, ವಿಚಾರಣೆ ಮುಗಿಯುವವರೆಗೆ ಅದನ್ನು ಯಾರಿಗೂ ದಾನ ಮಾಡದೆ ಇಟ್ಟುಕೊಂಡಿದ್ದರೆ ಸಾಕು. ಶಬ್ದದಲ್ಲಿರುವ ‘ಕಸ್ಮಾತ್’ ಎಲ್ಲರಿಗೂ ಸೇರಿದ್ದು. ಏಕೆ ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಅದರ ಹಿಂದಿರುವ ‘ಅ’ಕಾರ ಮಾತ್ರ ಬಿಟ್ಟಿ ಸಿಕ್ಕುವುದಲ್ಲ. ಪ್ರಶ್ನೆಯನ್ನು ಕೊನೆಯವರೆಗೆ ಕೇಳಿ, ಉತ್ತರ ಸಿಕ್ಕುವ ಕಡೆಯೆಲ್ಲ ಹುಡುಕಿ ಬಂದ ಮೇಲೆ ಅದನ್ನು ಸೇರಿಸಬೇಕು.